ನಿಮಗಿದು ಗೊತ್ತೇ? ಕುದುರೆ ಬಾಯಿಂದಲೇ ಕೇಳಿದ್ದು!

ತುಮಕೂರಿನ ಕಚೇರಿಗಳಲ್ಲೂ ‘ಸ್ಟ್ರೈಟ್ ಫ್ರಮ್ ದ ಹಾರ್ಸಸ್ ಮೌತ್’ ಎನ್ನುವವರು ಸಿಗುತ್ತಾರೆ. ಗಾಳಿಸುದ್ದಿಯಲ್ಲ, ಸಂಬಂಧಪಟ್ಟವರೇ ಹೇಳಿದ್ದು ಎಂದರ್ಥ. ವರ್ಗಾವಣೆ ಸುದ್ದಿಯನ್ನು ಸಾಹೇಬರೇ ಹೇಳಿದರೆ ಈ ಮಾತು ಸಲ್ಲುತ್ತದೆ, ಅವರ ಡ್ರೈವರ್ ಹೇಳಿದರೆ ಸಲ್ಲದು. (ಡ್ರೈವರ್ ಹೇಳಿದ್ದೇ ಕೊನೆಗೆ ನಿಜವಾಗುವುದು ಬೇರೆ ವಿಷಯ!) ಕನ್ನಡಕ್ಕೆ ತಿರುಗಿಸಿ ಸಾಹೇಬರೆದುರು ಮಾತ್ರ ಆಡಬೇಡಿ.

ಇದು ಚಾಲ್ತಿಗೆ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಕುದುರೆ ಜೂಜಿನವರಿಂದ. ಜಾಕಿಯೋ ಲಾಯದ ಆಳೋ ಕೊಟ್ಟ ‘ಟಿಪ್’ಗೆ ಬೆಲೆ ಹೆಚ್ಚು. ಅವರಿಗಿಂತಲೂ ಒಳಗಿನವರು ಯಾರು? ಕುದುರೆಯೇ!

ಮಾತು ಬಾರದಿದ್ದರೂ ಕುದುರೆಯ ಬಾಯಿ ಒಂದು ಗುಟ್ಟು ಬಿಟ್ಟುಕೊಡುತ್ತದೆ: ವಯಸ್ಸು. ಸುಮಾರು ಐದು ವರ್ಷಕ್ಕೆ ಮುಂದಿನ ಹಾಲುಹಲ್ಲುಗಳೆಲ್ಲ ಬಿದ್ದು ಹೊಸವು ಬಂದಿರುತ್ತವೆ. ಹತ್ತರ ಸುಮಾರಿಗೆ ಮೇಲ್ದವಡೆಯ ಮೂಲೆಹಲ್ಲಿನಲ್ಲಿ ಸಣ್ಣ ಗೀರು ಮೂಡಿ, ಇಪ್ಪತ್ತರ ಹೊತ್ತಿಗೆ ಹಲ್ಲಿನುದ್ದಕ್ಕೂ ಇಳಿಯುತ್ತದೆ. ದಾನವಾಗಿ ಬಂದ ಕುದುರೆಯ ಬಾಯಿ ನೋಡಬೇಡ ಎಂಬ ಗಾದೆ 1546ರ ಜಾನ್ ಹೇವುಡ್‌ನ ಸಂಗ್ರಹದಲ್ಲೇ ಇದೆ. ನಮ್ಮವರು ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂದರು. ದುಡ್ಡು ಕೊಡುವಾಗ ಆ ದಾಕ್ಷಿಣ್ಯವಿಲ್ಲ: ಶಿವರಾತ್ರಿ ಹೊತ್ತಿನ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹೋರಿಯ ತುಟಿ ಎತ್ತಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದ ಮೇಲೆಯೇ ವ್ಯಾಪಾರ. ಎಣಿಸುವುದೆಲ್ಲ ಕೆಳದವಡೆಯಲ್ಲೇ, ದನಗಳಿಗೆ ಮೇಲೆ ಮುಂಬಲ್ಲುಗಳೇ ಇಲ್ಲ.

 

ತುಮಕೂರು ಜಿಲ್ಲೆಯಲ್ಲಿ ರೇಸ್ ಕುದುರೆಗೆ ಹೆಸರಾದದ್ದು ಕುಣಿಗಲ್. ಅಲ್ಲಿನ ಸ್ಟಡ್ ಫಾರಂನ ನೆಲದಲ್ಲಿ ಟಿಪ್ಪು ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಸಾಕುತ್ತಿದ್ದರು. ಆಮೇಲೆ ರೇಸಿನ ಥರೋಬ್ರೆಡ್ ತಳಿ ಬಂತು. ಈ ತಳಿಯ ವಯಸ್ಸಿಗೆ ಬಾಯಿ ತೆರೆಸಬೇಕಿಲ್ಲ, ವಂಶಾವಳಿಯ ದಾಖಲೆ ಇರುತ್ತದೆ. ಆದರೆ ಲೆಕ್ಕ ವಿಚಿತ್ರ: ಮರಿ ಫೆಬ್ರವರಿಯಲ್ಲಿ ಹುಟ್ಟಲಿ, ಏಪ್ರಿಲ್‌ನಲ್ಲಿ ಹುಟ್ಟಲಿ, ಮುಂದಿನ ಜನವರಿ 1ಕ್ಕೆ ಎಲ್ಲಕ್ಕೂ ಒಂದು ವರ್ಷ ತುಂಬಿತು. ಆಸ್ಟ್ರೇಲಿಯಾದ ರೇಸ್ ಕುದುರೆಗಳಿಗೆ ಆ ಹುಟ್ಟುಹಬ್ಬ ಆಗಸ್ಟ್ 1ರಂದು.