ಅಫ್ಲಾಟಾಕ್ಸಿನ್ ಪರೀಕ್ಷಾ ಪಟ್ಟಿ

ಅಫ್ಲಾಟಾಕ್ಸಿನ್ ಪರೀಕ್ಷಾ ಪಟ್ಟಿಯು ಹಾಲು, ಶೇಂಗಾ, ಮೆಕ್ಕೆಜೋಳ ಮೊದಲಾದ ಆಹಾರ ಪದಾರ್ಥಗಳಲ್ಲಿರುವ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರಜನ್ಯ ವಿಷವನ್ನು ಕೆಲವೇ ನಿಮಿಷಗಳಲ್ಲಿ ಪತ್ತೆಹಚ್ಚುವ ಸಾಧನವಾಗಿದೆ. ಇದನ್ನು ಪ್ರಯೋಗಾಲಯದ ಹೊರಗೂ ಪ್ರಾಥಮಿಕ ತಪಾಸಣೆಗೆ ಬಳಸಬಹುದು.

ಹಿನ್ನೆಲೆ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವುಗಳಿಗೆ ತಿನ್ನಿಸಿದ್ದ ಶೇಂಗಾ ಹಿಂಡಿಯೇ ಇದಕ್ಕೆ ಕಾರಣವೆಂದು ತಿಳಿದುಬಂದಿತು. ಹಿಂಡಿಯಲ್ಲಿದ್ದ ವಿಷಕ್ಕೆ ಅದನ್ನು ಉತ್ಪಾದಿಸುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ ಹೆಸರಿನಿಂದ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು. ಬೂಷ್ಟು ಹಿಡಿದ ಹಿಂಡಿಯನ್ನು ಹಸು ತಿಂದಾಗ ಅದರಲ್ಲಿನ ಅಫ್ಲಾಟಾಕ್ಸಿನ್ ಬಿ1 ಯಕೃತ್ತಿನಲ್ಲಿ ಎಂ1 ಆಗಿ ಮಾರ್ಪಟ್ಟು ಹಾಲನ್ನು ಸೇರುತ್ತದೆ. ಹಾಲನ್ನು ಕಾಯಿಸಿದರೂ ಈ ವಿಷ ನಾಶವಾಗುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಫ್ಲಾಟಾಕ್ಸಿನ್‌ಗಳನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ 1ನೇ ಗುಂಪಿಗೆ ಸೇರಿಸಿದೆ. ಹಾಲಿನಲ್ಲಿ ಎಂ1ರ ಗರಿಷ್ಠ ಮಿತಿ ಭಾರತದಲ್ಲಿ ಕಿಲೋಗ್ರಾಂಗೆ 0.5 ಮೈಕ್ರೋಗ್ರಾಂ, ಯುರೋಪಿಯನ್ ಒಕ್ಕೂಟದಲ್ಲಿ 0.05 ಮೈಕ್ರೋಗ್ರಾಂ.

ಕಾರ್ಯವಿಧಾನ

ಪಟ್ಟಿಯ ಒಂದು ತುದಿಯಲ್ಲಿ ಮಾದರಿಯನ್ನು ಹೀರುವ ಭಾಗವೂ ಅದರ ಮುಂದೆ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಜೋಡಿಸಿದ ಪ್ರತಿಕಾಯಗಳೂ ಇರುತ್ತವೆ. ಈ ಕಣಗಳೇ ಗೆರೆಗೆ ಕೆಂಪು ಬಣ್ಣ ನೀಡುತ್ತವೆ. ನಂತರದ ನೈಟ್ರೋಸೆಲ್ಯುಲೋಸ್ ಪೊರೆಯ ಮೇಲೆ ಪರೀಕ್ಷಾ ಗೆರೆ ಮತ್ತು ನಿಯಂತ್ರಣ ಗೆರೆಗಳಿರುತ್ತವೆ. ಪರೀಕ್ಷಾ ಗೆರೆಯಲ್ಲಿ ಮೊದಲೇ ಅಫ್ಲಾಟಾಕ್ಸಿನ್ ಅಣುಗಳನ್ನು ಪ್ರೋಟೀನಿಗೆ ಜೋಡಿಸಿ ಲೇಪಿಸಲಾಗಿರುತ್ತದೆ.

ಅಫ್ಲಾಟಾಕ್ಸಿನ್ ಬಹಳ ಚಿಕ್ಕ ಅಣುವಾದ್ದರಿಂದ ಅದಕ್ಕೆ ಏಕಕಾಲದಲ್ಲಿ ಎರಡು ಪ್ರತಿಕಾಯಗಳು ಅಂಟಿಕೊಳ್ಳಲಾರವು. ಆದ್ದರಿಂದ ಇಲ್ಲಿ ಸ್ಪರ್ಧಾತ್ಮಕ ವಿಧಾನವನ್ನು ಬಳಸಲಾಗುತ್ತದೆ. ಮಾದರಿಯಲ್ಲಿ ವಿಷವಿದ್ದರೆ ಅದು ಪ್ರತಿಕಾಯಗಳನ್ನು ಮೊದಲೇ ಆಕ್ರಮಿಸುತ್ತದೆ. ಅವು ಪರೀಕ್ಷಾ ಗೆರೆಗೆ ಅಂಟುವುದಿಲ್ಲ.

ಫಲಿತಾಂಶ

* ಎರಡೂ ಗೆರೆಗಳು ಸ್ಪಷ್ಟವಾಗಿ ಮೂಡಿದರೆ: ವಿಷ ಇಲ್ಲ ಅಥವಾ ಪಟ್ಟಿಯ ಪತ್ತೆಮಿತಿಗಿಂತ ಕಡಿಮೆ ಇದೆ.
* ನಿಯಂತ್ರಣ ಗೆರೆ ಮಾತ್ರ ಮೂಡಿದರೆ: ವಿಷವು ಪತ್ತೆಮಿತಿಯನ್ನು ಮೀರಿದೆ.
* ನಿಯಂತ್ರಣ ಗೆರೆ ಮೂಡದಿದ್ದರೆ: ಪರೀಕ್ಷೆ ಅಸಿಂಧು.

ಗರ್ಭಧಾರಣೆ ಪರೀಕ್ಷಾ ಪಟ್ಟಿಯಲ್ಲಿ ಎರಡನೆಯ ಗೆರೆಯು ಹುಡುಕುತ್ತಿರುವ ವಸ್ತು ಇದೆಯೆಂದು ಸೂಚಿಸಿದರೆ, ಇಲ್ಲಿ ಅದೇ ಗೆರೆಯು ಇಲ್ಲವೆಂದು ಸೂಚಿಸುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ಓದಿದರೆ ಕಲುಷಿತ ಹಾಲನ್ನು ಶುದ್ಧವೆಂದು ತಿಳಿಯುವ ಅಪಾಯವಿದೆ.

ಮಿತಿಗಳು

ಬರಿಗಣ್ಣಿನಿಂದ ಓದುವ ಪಟ್ಟಿಯು ವಿಷದ ನಿಖರ ಪ್ರಮಾಣವನ್ನು ತಿಳಿಸುವುದಿಲ್ಲ. ಒಂದು ದೇಶದ ಮಿತಿಗೆ ಹೊಂದಿಸಿದ ಪಟ್ಟಿಯು ಇನ್ನೊಂದು ದೇಶದ ಮಿತಿಗೆ ಸರಿಹೊಂದದಿರಬಹುದು. ಧಾನ್ಯದ ರಾಶಿಯಲ್ಲಿ ಬೂಷ್ಟು ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಆದ್ದರಿಂದ ಹಲವು ಕಡೆಗಳಿಂದ ಮಾದರಿ ತೆಗೆದು, ಪುಡಿಮಾಡಿ, ಬೆರೆಸಿ ಪರೀಕ್ಷಿಸಬೇಕಾಗುತ್ತದೆ. ಅಫ್ಲಾಟಾಕ್ಸಿನ್‌ಗೆ ಮೀಸಲಾದ ಪಟ್ಟಿಯು ಪ್ರತಿಜೀವಕ ಅಥವಾ ಕೀಟನಾಶಕದ ಶೇಷಾಂಶಗಳನ್ನು ಗುರುತಿಸುವುದಿಲ್ಲ. ವಿಷ ಪತ್ತೆಯಾದ ಮಾದರಿಗಳನ್ನು ಪ್ರಯೋಗಾಲಯದಲ್ಲಿ ದ್ರವ ವರ್ಣರೇಖನ ವಿಧಾನದಿಂದ ದೃಢೀಕರಿಸಲಾಗುತ್ತದೆ.