ಸೊಸೈಟಿಯ ಕಂಪ್ಯೂಟರ್ ಮತ್ತು ರೇಡಿಯೋದ ಗರಗರ ಸದ್ದು

ಸಂಜೆ ಕೃಷಿರಂಗ ಕೇಳಲು ರೇಡಿಯೋ ಹಾಕಿದರೆ ಮಾತಿಗಿಂತ ಗರಗರ ಸದ್ದೇ ಹೆಚ್ಚು ಎಂಬ ದೂರು ಹಳ್ಳಿಗಳಲ್ಲಿ ಹೊಸದೇನಲ್ಲ. ಹಿಂದೆ ಹಿಟ್ಟಿನ ಗಿರಣಿಯ ಮೋಟಾರು ಇದಕ್ಕೆ ಕಾರಣವಾಗಿರುತ್ತಿತ್ತು. ಈಗ ಕಂಪ್ಯೂಟರು, ಅದರ ಯುಪಿಎಸ್ ಕೂಡ ಆ ಸಾಲಿಗೆ ಸೇರಿವೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಮಂಜೂರಾತಿ ನೀಡಿತು. ಹಾಲಿನ ಸಂಘಗಳಲ್ಲಿಯೂ ಕಂಪ್ಯೂಟರ್ ಬಳಕೆ ಸಾಮಾನ್ಯವಾಗಿದೆ. ಹವಾಮಾನ ಮುನ್ಸೂಚನೆ ಕೇಳಿ ಔಷಧಿ ಸಿಂಪಡಿಸುವ ರೈತನಿಗೆ ಈ ಸದ್ದು ಬರಿಯ ಕಿರಿಕಿರಿಯಲ್ಲ. ಸಿಂಪಡಿಸಿದ ಸಂಜೆಯೇ ಮಳೆ ಸುರಿದರೆ ಔಷಧಿಯ ಹಣ, ಆಳಿನ ಕೂಲಿ ಎರಡೂ ಹೋದಂತೆಯೇ.

ಸದ್ದು ಹುಟ್ಟುವ ಬಗೆ

ಕಂಪ್ಯೂಟರಿನ ಒಳಗಿನ ವಿದ್ಯುತ್ ಪೆಟ್ಟಿಗೆಯು 230 ವೋಲ್ಟ್ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಕಡಿದು ಕಡಿಮೆ ವೋಲ್ಟಿಗೆ ಇಳಿಸುತ್ತದೆ. ಹೀಗೆ ಕಡಿಯುವಾಗ ಆ ಸಂಖ್ಯೆಯ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೂ ಹುಟ್ಟುತ್ತವೆ. ಮಗ್ಗಿ ಹೇಳಿದ ಹಾಗೆ. ಸೆಕೆಂಡಿಗೆ 68 ಸಾವಿರ ಬಾರಿ ಕಡಿಯುವ ಪೆಟ್ಟಿಗೆ ಇದೆಯೆನ್ನೋಣ. ಅದರ ಒಂಬತ್ತು ಪಟ್ಟು 612 ಕಿಲೋಹರ್ಟ್ಸ್, ಅಂದರೆ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಜಾಗ. 85 ಸಾವಿರವಾದರೆ ಒಂಬತ್ತು ಪಟ್ಟು 765, ಧಾರವಾಡದ್ದು. ಪೆಟ್ಟಿಗೆಯಿಂದ ಈ ಕಂಪನ ವಿದ್ಯುತ್ ತಂತಿಗೆ ಇಳಿದು ಕಟ್ಟಡದ ವೈರಿಂಗ್ ಪೂರ್ತಿ ಹರಡುತ್ತದೆ. ಆಗ ಗೋಡೆಯ ವೈರೇ ಏರಿಯಲ್ಲಿನಂತೆ ಅದನ್ನು ಸುತ್ತಮುತ್ತ ಬೀರುತ್ತದೆ.

ಅರ್ಥಿಂಗ್ ಮುಖ್ಯ

ಇದನ್ನು ತಡೆಯಲೆಂದೇ ಒಳ್ಳೆಯ ಯಂತ್ರಗಳಲ್ಲಿ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿನ ಸಣ್ಣ ಕೆಪಾಸಿಟರುಗಳು ಕಂಪನವನ್ನು ಅರ್ಥ್ ತಂತಿಗೆ ಹಾಯಿಸುತ್ತವೆ. ಅರ್ಥ್ ಇಲ್ಲದಿದ್ದರೆ ಕಂಪನಕ್ಕೆ ಹೋಗಲು ದಾರಿಯಿಲ್ಲ. ಅಷ್ಟೇ ಅಲ್ಲ, ಅವೇ ಕೆಪಾಸಿಟರುಗಳ ಮೂಲಕ ಯಂತ್ರದ ಲೋಹದ ಮೈಗೆ 115 ವೋಲ್ಟಿನಷ್ಟು ಒತ್ತಡ ಬರುತ್ತದೆ. ಕಂಪ್ಯೂಟರಿನ ಮೈ ಮುಟ್ಟಿದಾಗ ಕೈ ಜುಮ್ಮೆನ್ನುವುದು ಹೆಚ್ಚಾಗಿ ಇದರಿಂದಲೇ. ಇದನ್ನು 'ಸ್ವಲ್ಪ ಕರೆಂಟು ಹೊಡೆಯುತ್ತೆ' ಎಂದು ನಕ್ಕು ಬಿಡುವವರುಂಟು. ಆದರೆ ಅದು ಅರ್ಥ್ ಇಲ್ಲವೆಂಬುದರ ಗುರುತು. ಮುಂದೊಂದು ದಿನ ಒಳಗಿನ ತಂತಿ ಮೈಗೆ ತಾಗಿದರೆ ಜೀವಕ್ಕೇ ಅಪಾಯ.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿನ ಬೋರ್ಡಿಗೆ ಹೊಂದಿಸಲು ದಪ್ಪ ಪಿನ್ನನ್ನು ಮುರಿಯುವ, ಸದ್ದು ನಿಲ್ಲಲೆಂದು ಅರ್ಥ್ ತಂತಿ ಬಿಚ್ಚುವ ಅಭ್ಯಾಸವನ್ನು ಕೂಡಲೇ ಬಿಡಬೇಕು. ಕಂಪ್ಯೂಟರ್ ಇಡುವ ಮೊದಲೇ ಕಟ್ಟಡದ ಅರ್ಥಿಂಗನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಅಳತೆ ಮಾಡಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ಗುಂಡಿಯ ಮಣ್ಣು ಒಣಗಿದರೆ ಅರ್ಥ್ ದುರ್ಬಲವಾಗುತ್ತದೆ; ಆಗಾಗ್ಗೆ ನೀರು ಹಾಕಬೇಕು.

ಕೊಳ್ಳುವಾಗ, ಜೋಡಿಸುವಾಗ

ಅಂತರರಾಷ್ಟ್ರೀಯ ಮಾನದಂಡದಲ್ಲಿ ಇಂಥ ಯಂತ್ರಗಳಿಗೆ 'ಎ' ಮತ್ತು 'ಬಿ' ಎಂಬ ಎರಡು ದರ್ಜೆಗಳಿವೆ. ವಾಸದ ಮನೆಗಳ ನಡುವೆ ಇಡಲು ತಕ್ಕದ್ದು 'ಬಿ'. ಹಗಲಿರುಳು ನಡೆಯುವ ಸರ್ವರ್ ಯಂತ್ರಗಳು ಸಾಮಾನ್ಯವಾಗಿ 'ಎ' ದರ್ಜೆಯವು. ಮನೆಗಳ ಹತ್ತಿರ ರೇಡಿಯೋಗೆ ಅಡಚಣೆಯಾಗಬಹುದೆಂದು ಅವುಗಳ ಪುಸ್ತಿಕೆಯಲ್ಲೇ ಬರೆದಿರುತ್ತದೆ. ಸಂಘದ ಕಟ್ಟಡ ಊರ ನಡುವೆ ಇದ್ದರೆ ಈ ಮಾತನ್ನು ಕೊಳ್ಳುವ ಮೊದಲೇ ನೋಡಬೇಕು.

ರಿಪೇರಿ ಮಾಡಿದವರು ಲೋಹದ ಮುಚ್ಚಳವನ್ನು ಒಂದೇ ತಿರುಪಿನಲ್ಲಿ ನಿಲ್ಲಿಸಿ ಹೋಗುವುದುಂಟು. ಎಲ್ಲ ತಿರುಪುಗಳನ್ನೂ ಬಿಗಿ ಮಾಡಿಸಬೇಕು, ಏಕೆಂದರೆ ಸಂದು ಬಿಟ್ಟಲ್ಲಿ ಕಂಪನ ಹೊರಬೀಳುತ್ತದೆ. ಇಷ್ಟಾದರೂ ಸದ್ದು ಉಳಿದರೆ ವಿದ್ಯುತ್ ವೈರನ್ನು ಪೂರ್ತಿಯಾಗಿ ಒಂದು ದೊಡ್ಡ ಫೆರೈಟ್ ಬಳೆಯೊಳಗೆ ಸುತ್ತಬೇಕು. ಒಂದು ಸುತ್ತಿಗಿಂತ ಮೂರು ಸುತ್ತಿನಿಂದ ಸುಮಾರು ಒಂಬತ್ತು ಪಟ್ಟು ತಡೆ ಸಿಗುತ್ತದೆ. ಚಿಟಿಕೆಯಂತೆ ಸಿಕ್ಕಿಸುವ ಸಣ್ಣ ಬಳೆ ಮಧ್ಯಮ ತರಂಗಕ್ಕೆ ಅಷ್ಟಾಗಿ ಉಪಯೋಗವಿಲ್ಲ.

ಮೂಲವನ್ನು ಹುಡುಕುವುದು

ಬ್ಯಾಟರಿಯಲ್ಲಿ ನಡೆಯುವ ಟ್ರಾನ್ಸಿಸ್ಟರ್ ರೇಡಿಯೋ ಒಂದಿದ್ದರೆ ಸಾಕು. ನಿಲಯವಿಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಸದ್ದು ಕೇಳುತ್ತಿರುವಾಗ ಯಂತ್ರಗಳನ್ನು ಒಂದೊಂದಾಗಿ ಆರಿಸಿ ನೋಡಬೇಕು. ಮೇನ್ ಸ್ವಿಚ್ ತೆಗೆದರೂ ಸದ್ದು ಹೋಗಲಿಲ್ಲವೆಂದು ಕಂಬದ ಲೈನನ್ನು ದೂರುವ ಮುನ್ನ ಯುಪಿಎಸ್ ಆರಿಸಲಾಗಿದೆಯೇ ಎಂದು ನೋಡಬೇಕು. ಮೇನ್ ಹೋದ ಮೇಲೂ ಅದು ಬ್ಯಾಟರಿಯಿಂದ ನಡೆಯುತ್ತಲೇ ಇರುತ್ತದೆ. ಎಷ್ಟೋ ಕಡೆ ಕಳ್ಳ ಅದೇ. ರೇಡಿಯೋವನ್ನು ಮಟ್ಟವಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಒಂದು ಕಡೆ ಸದ್ದು ತೀರ ಕಡಿಮೆಯಾಗುತ್ತದೆ. ಆಗ ಒಳಗಿನ ಏರಿಯಲ್ ಕಡ್ಡಿಯ ತುದಿ ಸಾಮಾನ್ಯವಾಗಿ ಮೂಲದ ಕಡೆಗೆ ಇರುತ್ತದೆ. ಎಲ್ಲವನ್ನೂ ಆರಿಸಿದ ಮೇಲೂ ಚಟಪಟ ಸದ್ದು ಉಳಿದರೆ ಕಂಬದ ಪಿಂಗಾಣಿಯಲ್ಲಿ ಕಿಡಿ ಹಾರುತ್ತಿರಬಹುದು. ಅದನ್ನು ಲೈನ್‌ಮನ್‌ಗೆ ತಿಳಿಸಬೇಕು, ತಾವೇ ಕಂಬ ಹತ್ತಬಾರದು.

ಸೌರ ಪಂಪಿನ ಕಂಟ್ರೋಲರ್ ಸಹ ಇದೇ ಬಗೆಯಲ್ಲಿ ವಿದ್ಯುತ್ತನ್ನು ಕಡಿಯುವ ಯಂತ್ರ. ಪ್ಯಾನೆಲ್‌ನಿಂದ ಬರುವ ಎರಡು ವೈರುಗಳನ್ನು ದೂರ ದೂರ ಎಳೆದರೆ ನಡುವಿನ ಜಾಗವೆಲ್ಲ ಒಂದು ದೊಡ್ಡ ಏರಿಯಲ್ ಆಗುತ್ತದೆ. ಎರಡನ್ನೂ ಜೊತೆಯಾಗಿ ಕಟ್ಟಿ ಎಳೆಯಬೇಕು. ಕಂಟ್ರೋಲರನ್ನು ಕೊಳವೆಬಾವಿಯ ಹತ್ತಿರವೇ ಇಟ್ಟು ಮೋಟಾರಿನ ಕೇಬಲ್ಲನ್ನು ಆದಷ್ಟು ಚಿಕ್ಕದಾಗಿಸಿ, ನೆಲದ ಮೇಲಿನ ಭಾಗವನ್ನು ಅರ್ಥ್ ಮಾಡಿದ ಕಬ್ಬಿಣದ ಪೈಪಿನೊಳಗೆ ಹಾಯಿಸಿದರೆ ಪಕ್ಕದ ತೋಟದ ಮನೆಯ ರೇಡಿಯೋಗೂ ತೊಂದರೆ ಕಡಿಮೆ.