ರಾಮನಗರದ ಬೆಟ್ಟಗಳಿಗೆ ಒಂದು ದಿನದ ಪ್ರವಾಸ

ಶಾಲೆಯ ಭೂಗೋಳದ ಪುಸ್ತಕದಲ್ಲಿ ಸುಣ್ಣಕಲ್ಲಿನ ಗವಿಗಳ ವರ್ಣನೆಯನ್ನೋದಿದ ಮಕ್ಕಳು, ತಮಗೂ ಅಂತಹ ಗವಿಯನ್ನು ತೋರಿಸಬೇಕೆಂದು ತಂದೆತಾಯಿಗಳನ್ನು ಪೀಡಿಸುವುದು ಸಹಜವೇ ಆಗಿದೆ. ಬೆಂಗಳೂರಿನ ಗೃಹಸ್ಥರಿಗೆ ಆಗ ಮೊದಲು ನೆನಪಿಗೆ ಬರುವುದು ರಾಮನಗರ, ಮಾಗಡಿಗಳ ಕಡೆಯ ಬೆಟ್ಟಗಳು. ಅಲ್ಲಿ ಬಂಡೆಗಳಿವೆ, ಕೊರಕಲುಗಳಿವೆ, ಗವಿಗಳೂ ಇವೆ. ಆದರೆ ಅವು ಸುಣ್ಣಕಲ್ಲಿನವಲ್ಲ. ಪ್ರವಾಸವು ಸಾರ್ಥಕವಾಗಬೇಕಾದರೆ ಈ ಭೇದವನ್ನು ಹೊರಡುವ ಮುನ್ನವೇ ಮಕ್ಕಳಿಗೆ ತಿಳಿಸಿಕೊಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಮಳೆಯ ನೀರು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರಿಗೆ ಸುಣ್ಣಕಲ್ಲು ಮೆಲ್ಲಮೆಲ್ಲನೆ ಕರಗುವುದು. ಸಾವಿರಾರು ವರ್ಷಗಳಲ್ಲಿ ಬಿರುಕು ಬಿಲವಾಗಿ, ಬಿಲ ಗವಿಯಾಗಿ ಬೆಳೆಯುವುದು. ನಮ್ಮ ನಾಡಿನಲ್ಲಿ ಇಂತಹ ಕಲ್ಲಿನ ಶಿಖರಗಳಿಗೆ ಹೆಸರಾದುದು ಕುಮಟಾ ತಾಲ್ಲೂಕಿನ ಯಾಣ. ಅದು ಬೆಂಗಳೂರಿಗೆ 400 ಕಿಲೋಮೀಟರಿಗೂ ಹೆಚ್ಚು ದೂರವಿರುವುದರಿಂದ ಒಂದು ದಿನದಲ್ಲಿ ಹೋಗಿಬರುವ ಮಾತಲ್ಲ.

ರಾಮನಗರದ ಕಲ್ಲಾದರೋ ಗ್ರಾನೈಟು. ಭೂಗರ್ಭದಲ್ಲಿ ಕರಗಿದ್ದ ದ್ರವವು ನಿಧಾನವಾಗಿ ತಣಿದು, ಸುಮಾರು 250 ಕೋಟಿ ವರ್ಷಗಳ ಹಿಂದೆ ಇದು ಹುಟ್ಟಿತು. ಬ್ಯಾರಿ ಕ್ಲೋಸ್ ಎಂಬ ಆಂಗ್ಲ ಅಧಿಕಾರಿಯ ಹೆಸರಿನಿಂದ ಈ ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದಿತು. ಭೂಗರ್ಭಶಾಸ್ತ್ರಜ್ಞರು ಇಂದಿಗೂ ಈ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟು ಎಂದೇ ಕರೆಯುತ್ತಾರೆ. ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರು ಹಬ್ಬಿರುವ ಪಟ್ಟಿ ಇದು. ಈ ಕಲ್ಲು ಹುಳಿನೀರಿಗೆ ಕರಗಿ ಗವಿಯಾಗುವುದಿಲ್ಲ. ಬಿಸಿಲು ಮಳೆಗಳಿಂದ ಬಿರುಕುಗಳ ಗುಂಟ ಸವೆದು, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಕಳಚಿ, ದುಂಡು ಗುಂಡುಗಳಾಗಿ ನಿಲ್ಲುವುದು. ಆ ಗುಂಡುಗಳು ಒಂದಕ್ಕೊಂದು ಆತುಕೊಂಡಾಗ ನಡುವೆ ಉಳಿದ ಸಂದೇ ಇಲ್ಲಿಯ ಗವಿ.

ಇದನ್ನು ಮಕ್ಕಳೇ ಪರೀಕ್ಷಿಸಬಹುದು. ಕಪ್ಪೆಚಿಪ್ಪಿನ ಪುಡಿಯ ಮೇಲೆ ನಿಂಬೆಯ ರಸವನ್ನು ತೊಟ್ಟಿಕ್ಕಿದರೆ ಸಣ್ಣ ಗುಳ್ಳೆಗಳೇಳುವುವು. ಸುಣ್ಣಕಲ್ಲಿನ ಗುಣವೂ ಅದೇ. ಬೆಟ್ಟದ ಬುಡದಲ್ಲಿ ಉದುರಿ ಬಿದ್ದ ಚೂರಿನ ಮೇಲೆ ಅದೇ ರಸವನ್ನು ಹಾಕಿದರೆ ಏನೂ ಆಗದು. ಅದೇ ಚೂರನ್ನು ಬಿಸಿಲಿಗೆ ಹಿಡಿದರೆ ನಸುಗೆಂಪಿನ ಫೆಲ್ಡ್‌ಸ್ಪಾರ್, ಗಾಜಿನಂತಹ ಬೆಣಚು, ಕರಿಯ ಅಭ್ರಕ ಈ ಮೂರೂ ಕಾಣುವುವು.

ಇನ್ನು ಎಲ್ಲಿಗೆ ಹೋಗಬೇಕೆಂಬ ವಿಚಾರ. ಮನೆಯಲ್ಲಿ ವೃದ್ಧರೂ ಚಿಕ್ಕ ಮಕ್ಕಳೂ ಇದ್ದರೆ ಮೆಟ್ಟಿಲುಗಳಿರುವ ರಾಮದೇವರ ಬೆಟ್ಟವೇ ಯೋಗ್ಯ. ಮಾಗಡಿಯ ಕಡೆಯ ಸಾವನದುರ್ಗ 1226 ಮೀಟರು ಎತ್ತರದ್ದು. ನುಣುಪಾದ ಇಳಿಜಾರು ಬಂಡೆಯನ್ನೇರುವ ಶ್ರಮಕ್ಕೆ ಗಟ್ಟಿಯಾದ ಕಾಲುಗಳು ಬೇಕು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಟೀಪು ಸುಲ್ತಾನನ ಕೈಯಿಂದ ಕಿತ್ತುಕೊಂಡ ಕೋಟೆ ಇದರ ಮೇಲಿದೆ. ಹತ್ತಲಾರದವರು ಬುಡದಲ್ಲಿರುವ ವೀರಭದ್ರಸ್ವಾಮಿ, ನರಸಿಂಹಸ್ವಾಮಿಗಳ ದರ್ಶನವನ್ನು ಮಾಡಬಹುದು. ಕನಕಪುರದ ಆಚೆ ಮೇಕೆದಾಟಿನಲ್ಲಿ ಕಾವೇರಿಯು ಇಂತಹ ಗಟ್ಟಿ ಕಲ್ಲನ್ನೇ ಕೊರೆದುಕೊಂಡು ಹರಿಯುತ್ತಾಳೆ. ನೀರಿನ ಸುಳಿಯಲ್ಲಿ ಉರುಳುಗಲ್ಲುಗಳು ತಿರುಗಿ ತಿರುಗಿ ಕೊರೆದ ಕುಳಿಗಳು ಅಲ್ಲಿ ನೋಡತಕ್ಕವು. ಆದರೆ ಆ ನೀರಿಗಿಳಿಯುವುದು ಪ್ರಾಣಾಪಾಯಕರ. ಒಂದೇ ದಿನದಲ್ಲಿ ಈ ಮೂರನ್ನೂ ಮುಗಿಸುವೆವೆಂಬ ಆಸೆಯನ್ನು ಬಿಡತಕ್ಕದ್ದು.

ರಾಮದೇವರ ಬೆಟ್ಟವನ್ನಾರಿಸಿಕೊಂಡವರು ಕಾರ್ತಿಕದಿಂದ ಮಾಘದವರೆಗಿನ ತಂಪು ದಿನಗಳಲ್ಲಿ ಬೆಳಗ್ಗೆ ಬೇಗನೆ ಹೊರಡಬೇಕು. ಬೆಂಗಳೂರು ಮೈಸೂರು ರೈಲು ಹಾದಿಯಲ್ಲಿ ಸುಮಾರು 50 ಕಿಲೋಮೀಟರಿಗೆ ರಾಮನಗರ ಸಿಕ್ಕುವುದು. ರಸ್ತೆಯಲ್ಲಿ ಹೋಗುವವರು ಬಿಡದಿಯಲ್ಲಿ ತಟ್ಟೆ ಇಡ್ಲಿಯನ್ನು ತಿಂದರೆ ಮನೆಯ ಒಲೆಗೆ ಅಷ್ಟು ಬಿಡುವು. ಇದನ್ನು ನಾವು ಒತ್ತಿ ಹೇಳುತ್ತೇವೆ: ಹಿಂದಿನ ರಾತ್ರಿಯೆಲ್ಲ ಪುಳಿಯೋಗರೆ, ಮೊಸರನ್ನಗಳನ್ನು ಸಿದ್ಧಪಡಿಸಿ ನಿದ್ದೆಗೆಟ್ಟ ಗೃಹಿಣಿಯು, ಉಳಿದವರೆಲ್ಲರೂ ಬೆಟ್ಟವನ್ನೇರುವಾಗ ಬುಡದಲ್ಲಿ ಬುತ್ತಿಯ ಗಂಟನ್ನು ಕಾಯುತ್ತ ಕುಳಿತರೆ, ಅದು ಮನೆಯವರ ಪ್ರವಾಸವೆನಿಸದು. ಬುತ್ತಿಯ ಭಾರವನ್ನು ಎಲ್ಲರೂ ಹಂಚಿಕೊಳ್ಳಲಿ. ಕುಡಿಯುವ ನೀರು ಮಾತ್ರ ಪ್ರತಿಯೊಬ್ಬರ ಕೈಯಲ್ಲಿಯೂ ಇರಲಿ. ಬಾಗಿಲು ತೆರೆಯುವ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಬಿಸಿಲೇರುವುದರೊಳಗೆ ಇಳಿಯಬೇಕು. ಮಳೆ ಬಿದ್ದ ದಿನ ಬಂಡೆಯು ಜಾರುವುದು; ಅಂದು ಹತ್ತುವುದು ಬೇಡ. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟುವುದುಂಟು. ಹೊಗೆ, ಕೂಗಾಟಗಳಿಂದ ಅದನ್ನು ಕೆಣಕಬಾರದು.

ಮೌನಕ್ಕೆ ಮತ್ತೊಂದು ಕಾರಣವೂ ಇದೆ. ‘ಶೋಲೆ’ ಚಿತ್ರದಿಂದ 1975ರಲ್ಲಿ ದೇಶವೆಲ್ಲ ಕಂಡ ಈ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತಿದ್ದವು; ಆದಕಾರಣ 2012ರಲ್ಲಿ ಸುಮಾರು 346 ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಸರ್ಕಾರವು ಘೋಷಿಸಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಸೇರಿ ಈ ಹಕ್ಕಿಗಳ ಮೂತ್ರಪಿಂಡವನ್ನು ಕೆಡಿಸುತ್ತಿದ್ದುದರಿಂದ ದೇಶದಲ್ಲೆಲ್ಲ ಅವುಗಳ ಸಂತತಿ ಕುಸಿಯಿತು. ದನಗಳಿಗೆ ಆ ಔಷಧವನ್ನು ಕೊಡುವುದು 2006ರಲ್ಲಿ ನಿಷಿದ್ಧವಾಯಿತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಈ ಹಕ್ಕಿಯು ಒಮ್ಮೆ ಗೂಡು ಬಿಟ್ಟರೆ ಆ ವರ್ಷದ ಮರಿ ಹೋದಂತೆಯೇ. ಈಗ ಅಲ್ಲಿ ರಣಹದ್ದು ಕಾಣುವುದೇ ಅಪರೂಪ. ಕಂಡರೆ ದೂರದಿಂದಲೇ ನೋಡಿ ಸಂತೋಷಪಡತಕ್ಕದ್ದು.

ಮಧ್ಯಾಹ್ನದ ಮೇಲೆ ಕೆಂಗಲ್ ಆಂಜನೇಯನ ದರ್ಶನ ಮಾಡಿ ಚನ್ನಪಟ್ಟಣಕ್ಕೆ ಹೋಗಬಹುದು. ಹಾಲೆಯ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನೊತ್ತುವ ಕೆಲಸವನ್ನು ಮಕ್ಕಳು ಕಣ್ಣಾರೆ ನೋಡಲಿ. ನೆನಪಿಗೆ ಒಂದು ಬೊಂಬೆಯನ್ನು ಕೊಂಡರೆ ಕುಶಲಕರ್ಮಿಯ ಮನೆಗೂ ಸಹಾಯವಾದೀತು.

ಬೆಟ್ಟವೆಂದರೆ ಬರಿಯ ಕಲ್ಲಿನ ರಾಶಿಯೆಂದು ತಿಳಿದವರಿಗೆ ಅದನ್ನು ಒಡೆದು ಜಲ್ಲಿ ಮಾಡುವುದರಲ್ಲಿ ನಷ್ಟವೇನೂ ಕಾಣದು. ಅದರ ವಯಸ್ಸನ್ನೂ ಹುಟ್ಟನ್ನೂ ಅರಿತು ಬಂದ ಮಕ್ಕಳು ಮುಂದೆ ಅದನ್ನು ಬೇರೆ ಕಣ್ಣಿನಿಂದ ನೋಡುವರು. ಒಂದು ದಿನದ ಖರ್ಚಿಗೆ ಇದಕ್ಕಿಂತ ಹೆಚ್ಚಿನ ಫಲವನ್ನು ಯಾವ ಗೃಹಸ್ಥನು ಬಯಸಿಯಾನು?